ಸವಕಳಿ: ಯಾರಿಗೂ ಕೊಡದ ದುಡ್ಡು ಖರ್ಚಾಗುವುದು ಹೇಗೆ?

ಹಿಟ್ಟಿನ ಗಿರಣಿ ನಡೆಸುವ ಹಿರಿಯರೊಬ್ಬರ ಲೆಕ್ಕವನ್ನು ನಾನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. 4 ಲಕ್ಷ ರೂಪಾಯಿಯ ಹೊಸ ಯಂತ್ರ ಹಾಕಿಸಿದ ವರ್ಷ ಅವರು ಲಾಭ-ನಷ್ಟ ಖಾತೆಯ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಸವಕಳಿ 60 ಸಾವಿರ ಎಂದು ಖರ್ಚಿನ ಕಡೆ ಬರೆದಿದ್ದೀರಲ್ಲ ಸರ್, ಈ ದುಡ್ಡನ್ನು ನಾನು ಯಾರಿಗೂ ಕೊಟ್ಟೇ ಇಲ್ಲವಲ್ಲ?"

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಆ ವರ್ಷ ಅವರು ಆ 60 ಸಾವಿರವನ್ನು ಯಾರ ಕೈಗೂ ಕೊಟ್ಟಿರಲಿಲ್ಲ, ಏಕೆಂದರೆ ಯಂತ್ರ ಕೊಂಡ ದಿನವೇ 4 ಲಕ್ಷವನ್ನೂ ಕೊಟ್ಟಾಗಿತ್ತು. ಅಷ್ಟನ್ನೂ ಒಂದೇ ವರ್ಷದ ಖರ್ಚೆಂದು ಬರೆದರೆ ಆ ವರ್ಷ ಭಾರೀ ನಷ್ಟ ಕಾಣುತ್ತದೆ, ಮುಂದಿನ ವರ್ಷಗಳಲ್ಲಿ ಯಂತ್ರ ಪುಕ್ಕಟೆಯಾಗಿ ದುಡಿದಂತೆ ಕಾಣುತ್ತದೆ. ಎರಡೂ ಸುಳ್ಳು. ಹಾಗಾಗಿ ಯಂತ್ರ ದುಡಿಯುವ ಅಷ್ಟೂ ವರ್ಷಗಳಿಗೆ ಅದರ ಬೆಲೆಯನ್ನು ಹಂಚುತ್ತೇವೆ. ಆ ವರ್ಷದ ಪಾಲಿಗೆ ಬಂದ ಮೊತ್ತವೇ ಸವಕಳಿ.

ಸವೆ ಎಂಬ ಧಾತುವಿನಿಂದ ಬಂದ ಈ ಪದ ನನಗೆ ಬಹಳ ಇಷ್ಟ. ಸವೆದ ಚಪ್ಪಲಿ, ಸವಕಲು ನಾಣ್ಯ ಎಲ್ಲರಿಗೂ ಗೊತ್ತು. ಆದರೆ ಲೆಕ್ಕಶಾಸ್ತ್ರದ ಸವಕಳಿ ಕಣ್ಣಿಗೆ ಕಾಣುವ ಸವೆತಕ್ಕಿಂತ ದೊಡ್ಡದು. ಕಂಪ್ಯೂಟರ್ ಸವೆಯುವುದಿಲ್ಲ, ಹಳತಾಗುತ್ತದೆ. ಆದಾಯ ತೆರಿಗೆಯಲ್ಲಿ ಅದಕ್ಕೆ ಶೇ 40ರ ದರವಿರುವುದು ಅದಕ್ಕಾಗಿಯೇ. ಸಾಮಾನ್ಯ ಯಂತ್ರಗಳಿಗೆ ಶೇ 15, ಪೀಠೋಪಕರಣಗಳಿಗೆ ಶೇ 10. ಅಂಗಡಿ ಕಟ್ಟಡಕ್ಕೂ ಶೇ 10 ಇದೆ, ಆದರೆ ಅದರ ಕೆಳಗಿನ ನೆಲಕ್ಕೆ ಸವಕಳಿಯೇ ಇಲ್ಲ.

ಕಲ್ಲು ಕಟೆಸಲು, ಬೆಲ್ಟ್ ಬದಲಿಸಲು ಕೊಟ್ಟ ಹಣವನ್ನೂ ಹಲವರು ಸವಕಳಿ ಎನ್ನುತ್ತಾರೆ. ಅದು ದುರಸ್ತಿ, ಪೂರ್ತಿಯಾಗಿ ಆಯಾ ವರ್ಷದ ಖರ್ಚು.

ಈಗ ಗಿರಣಿಯ ಲೆಕ್ಕಕ್ಕೆ ಮರಳೋಣ. ಮೊದಲ ವರ್ಷ 4 ಲಕ್ಷಕ್ಕೆ ಶೇ 15 ಎಂದರೆ 60,000 ರೂಪಾಯಿ. ಪುಸ್ತಕದಲ್ಲಿ ಉಳಿಯುವುದು 3.40 ಲಕ್ಷ. ಎರಡನೇ ವರ್ಷ ಈ ಉಳಿಕೆಯ ಮೇಲೆ ಶೇ 15, ಅಂದರೆ 51,000. ಮೂರನೇ ವರ್ಷ 43,350. ಹೀಗೆ ವರ್ಷದಿಂದ ವರ್ಷಕ್ಕೆ ಮೊತ್ತ ಇಳಿಯುತ್ತದೆ. ಪುಸ್ತಕದ ಉಳಿಕೆಯನ್ನು ಮಾರುಕಟ್ಟೆಯ ಬೆಲೆ ಎಂದು ತಿಳಿಯಬೇಡಿ. ಹಳೆಯ ಯಂತ್ರ ಅದಕ್ಕಿಂತ ಹೆಚ್ಚಿಗೂ ಹೋಗಬಹುದು, ಗುಜರಿ ಬೆಲೆಗೂ ಹೋಗಬಹುದು.

ನನ್ನನ್ನು ನಿಜವಾಗಿ ಕಾಡುವ ಸಂಗತಿ ಬೇರೆ. ಸವಕಳಿ ಬರೆದ ಮಾತ್ರಕ್ಕೆ ಹಣ ಕೂಡಿಟ್ಟಂತಲ್ಲ. ಸಹಕಾರ ಸಂಘಗಳ ವರದಿಯಲ್ಲಿ "ಸವಕಳಿ ನಿಧಿ" ಎಂಬ ಸಾಲನ್ನು ಓದಿ, ಅಷ್ಟು ದುಡ್ಡು ಎಲ್ಲೋ ಭದ್ರವಾಗಿದೆ ಎಂದು ಸದಸ್ಯರು ನಂಬುವುದನ್ನು ನೋಡಿದ್ದೇನೆ. ಪ್ರತ್ಯೇಕವಾಗಿ ಠೇವಣಿ ಇಡದಿದ್ದರೆ ಅದು ಬರೀ ಬರವಣಿಗೆ. ಗಿರಣಿಯ ಹಿರಿಯರು ಹಿಂದಿನ ಯಂತ್ರದ ಕಾಲದಲ್ಲಿ ಗಲ್ಲಾ ಪೆಟ್ಟಿಗೆಯಲ್ಲಿ ಉಳಿದದ್ದನ್ನೆಲ್ಲ ಲಾಭವೆಂದು ಮನೆಗೆ ಒಯ್ದಿದ್ದರು. ಅದರಲ್ಲಿ ಯಂತ್ರದ ಪಾಲೂ ಇತ್ತು. ಯಂತ್ರ ಕೈಕೊಟ್ಟಾಗ ಸಾಲವೇ ಗತಿಯಾಯಿತು.

ಸವಕಳಿ ಬರೆದಾಗ ಕೈಯಿಂದ ಹಣ ಹೋಗುವುದಿಲ್ಲ ಎಂಬ ಗುಟ್ಟು ಸಾಲ ಕೊಡುವ ಬ್ಯಾಂಕಿನವರಿಗೆ ಗೊತ್ತು. ಕಂತು ಕಟ್ಟುವ ಶಕ್ತಿ ಅಳೆಯುವಾಗ ಅವರು ನಿವ್ವಳ ಲಾಭಕ್ಕೆ ಸವಕಳಿಯನ್ನು ಮತ್ತೆ ಕೂಡಿಸಿಕೊಳ್ಳುತ್ತಾರೆ. ಹಾಗಿದ್ದೂ "ಲಾಭ ಹೆಚ್ಚು ಕಾಣಲಿ, ಈ ವರ್ಷ ಸವಕಳಿ ಬರೆಯಬೇಡಿ" ಎಂದು ಕೇಳಿಕೊಂಡು ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ನೀವು ಕೇಳಿದರೂ ಕೇಳದಿದ್ದರೂ ತೆರಿಗೆ ಕಾನೂನು ಸವಕಳಿಯನ್ನು ಕಳೆದೇ ಮುಂದಿನ ವರ್ಷದ ಉಳಿಕೆಯನ್ನು ಲೆಕ್ಕ ಹಾಕುತ್ತದೆ. ಬಿಟ್ಟದ್ದು ಮತ್ತೆ ಸಿಗುವುದಿಲ್ಲ.

ವಾಹನ ವಿಮೆಯಲ್ಲೂ ಸವಕಳಿ ಇದೆ. ಅಪಘಾತದ ನಂತರ ಬದಲಿಸಿದ ರಬ್ಬರ್, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಸಾಮಾನ್ಯ ಪಾಲಿಸಿ ಅರ್ಧವನ್ನು ಕಡಿತ ಮಾಡುತ್ತದೆ. "ಜೀರೋ ಡೆಪ್" (ಜೀರೋ ಡಿಪ್ರಿಸಿಯೇಷನ್, ಅಂದರೆ ಶೂನ್ಯ ಸವಕಳಿ) ಎಂದು ಹೆಚ್ಚುವರಿ ಹಣ ಪಡೆಯುವುದು ಈ ಕಡಿತ ತಪ್ಪಿಸಲು. ಡಾಲರಿನೆದುರು ರೂಪಾಯಿ ಇಳಿಯುವುದಕ್ಕೂ ಇಂಗ್ಲಿಷಿನಲ್ಲಿ ಡಿಪ್ರಿಸಿಯೇಷನ್ ಎಂದೇ ಹೇಳುತ್ತಾರೆ, ಆದರೆ ಅದಕ್ಕೆ ಸವಕಳಿ ಎಂಬ ಪದ ಒಗ್ಗುವುದಿಲ್ಲ. ಅಲ್ಲಿ ಮೌಲ್ಯ ಕುಸಿತ ಎನ್ನಬೇಕು. ಅಪಮೌಲ್ಯ ಎಂಬುದು ಸರ್ಕಾರವೇ ತೀರ್ಮಾನಿಸಿ ಇಳಿಸುವುದು. 1966ರ ಜೂನ್‌ನಲ್ಲಿ ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆದದ್ದು ಹಾಗೆ. ದಿನನಿತ್ಯದ ಏರಿಳಿತವನ್ನೂ ಅಪಮೌಲ್ಯ ಎಂದು ಬರೆಯುವುದು ತಪ್ಪು.

ಹೊಸ ಯಂತ್ರ ತರಿಸುವವರಿಗೆ ಒಂದು ಕೋರಿಕೆ. ತೆರಿಗೆಗೆ ಮುಖ್ಯವಾಗುವುದು ಬಿಲ್ಲಿನ ತಾರೀಖಲ್ಲ, ಯಂತ್ರ ಬಳಕೆಗೆ ಬಂದ ದಿನ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಸವಕಳಿ ಮಾತ್ರ. ಮಾರ್ಚ್‌ನಲ್ಲಿ ಬಂದು ಪೆಟ್ಟಿಗೆಯಲ್ಲೇ ಉಳಿದರೆ ಆ ವರ್ಷಕ್ಕೆ ಏನೂ ಇಲ್ಲ. ವಿದ್ಯುತ್ ಸಂಪರ್ಕ ಕೊಟ್ಟು ಮೊದಲ ಸಲ ಓಡಿಸಿದ ತಾರೀಖನ್ನು ಬಿಲ್ಲಿನ ಹಿಂದೆಯೇ ಬರೆದು, ಲೆಕ್ಕಕ್ಕೆ ಬರುವಾಗ ಜೊತೆಗೆ ತನ್ನಿ.