ಗೆದ್ದು ಅರ್ಹತೆ ಪಡೆದ ಮಕ್ಕಳ ತಂಡಕ್ಕೂ ವೀಸಾ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಅಮೆರಿಕದ ಪ್ರಯಾಣ ನಿಷೇಧದಲ್ಲಿ ಕ್ರೀಡಾಪಟುಗಳಿಗೆ ವಿನಾಯಿತಿ ಇದೆಯಂತೆ. ಹಾಗಿದ್ದರೂ ವೆನೆಜುವೆಲಾದ ಹುಡುಗರ ಬೇಸ್‌ಬಾಲ್ ತಂಡವನ್ನು ಯಾಕೆ ಬಿಟ್ಟುಕೊಳ್ಳಲಿಲ್ಲ? ನಮ್ಮ ಕ್ಲಬ್ಬಿನ ಮಕ್ಕಳನ್ನು ಹೊರದೇಶದ ಟೂರ್ನಿಗೆ ಕಳಿಸಿದರೆ ನಮಗೂ ಹೀಗೆ ಆಗಬಹುದೇ?

ಉತ್ತರ: ಆಗಬಹುದು, ಆದರೆ ಬೇರೆ ಕಾರಣಕ್ಕೆ. ಅಮೆರಿಕದ ವಲಸೆ ಕಾಯ್ದೆಯಲ್ಲಿ ಇವು ಎರಡು ಬೇರೆ ಕಲಮುಗಳು. ಒಂದು ದೇಶದವರ ಪ್ರವೇಶವನ್ನೇ ಅಧ್ಯಕ್ಷರು ತಡೆಯುವುದು 212(ಎಫ್) ಅಡಿಯಲ್ಲಿ. ಸಂದರ್ಶನದ ಕಿಟಕಿಯಲ್ಲಿ ಕೂತ ಅಧಿಕಾರಿ ಒಬ್ಬೊಬ್ಬರ ಅರ್ಜಿ ತಿರಸ್ಕರಿಸುವುದು ಸಾಮಾನ್ಯವಾಗಿ 214(ಬಿ) ಅಡಿಯಲ್ಲಿ. ಮೊದಲನೆಯದರಿಂದ ವಿನಾಯಿತಿ ಸಿಕ್ಕವರೂ ಎರಡನೆಯದನ್ನು ದಾಟಲೇಬೇಕು.

ವೆನೆಜುವೆಲಾದ ವಿಷಯ ಮೊದಲು. 2025ರ ಜೂನ್ 4ರಂದು ಹೊರಟು ಜೂನ್ 9ರಿಂದ ಜಾರಿಗೆ ಬಂದ ಆದೇಶ 12 ದೇಶಗಳಿಗೆ ಪೂರ್ತಿ, 7 ದೇಶಗಳಿಗೆ ಭಾಗಶಃ ನಿರ್ಬಂಧ ಹೇರಿತು. ವೆನೆಜುವೆಲಾ ಆ ಏಳರಲ್ಲಿತ್ತು; ಅಲ್ಲಿನವರಿಗೆ ಪ್ರವಾಸಿ, ವಿದ್ಯಾರ್ಥಿ ವೀಸಾಗಳು ನಿಂತವು. ವಿನಾಯಿತಿ ಇರುವುದು ವಿಶ್ವಕಪ್, ಒಲಿಂಪಿಕ್ಸ್ ಮತ್ತು ವಿದೇಶಾಂಗ ಸಚಿವರು ತೀರ್ಮಾನಿಸುವ ಇತರ ‘ಪ್ರಮುಖ’ ಕ್ರೀಡಾಕೂಟಗಳಿಗೆ ಬರುವ ಆಟಗಾರರು, ಕೋಚ್‌ಗಳು, ಅಗತ್ಯ ಸಿಬ್ಬಂದಿ ಮತ್ತು ಅವರ ಹತ್ತಿರದ ಬಂಧುಗಳಿಗೆ. ಯಾವುದು ಪ್ರಮುಖ ಎನ್ನುವುದಕ್ಕೆ ಆದೇಶದಲ್ಲಿ ಅಳತೆಗೋಲಿಲ್ಲ. ಮಕ್ಕಳ ತಂಡಗಳು ಎಡವುವುದು ಇಲ್ಲೇ.

ಮರಕೈಬೊ ನಗರದ ಕಸೀಕೆ ಮಾರಾ ತಂಡ ಲ್ಯಾಟಿನ್ ಅಮೆರಿಕ ವಲಯದಲ್ಲಿ ಗೆದ್ದು, ಸೌತ್ ಕ್ಯಾರೊಲೈನಾದ ಈಸ್ಲಿಯಲ್ಲಿ ನಡೆಯುವ ಸೀನಿಯರ್ ಲೀಗ್ ವಿಶ್ವ ಸರಣಿಗೆ ಅರ್ಹತೆ ಪಡೆದಿತ್ತು. ಹೆಸರಿಗೆ ಸೀನಿಯರ್ ಆದರೂ ಅದು 13ರಿಂದ 16 ವರ್ಷದ ಹುಡುಗರ ಟೂರ್ನಿ. ಕರಾಕಸ್‌ನ ಅಮೆರಿಕ ರಾಯಭಾರ ಕಚೇರಿ 2019ರಲ್ಲೇ ಕೆಲಸ ನಿಲ್ಲಿಸಿದ್ದರಿಂದ ಹುಡುಗರು ಪಕ್ಕದ ಕೊಲಂಬಿಯಾದ ಬೊಗೊಟಾಕ್ಕೆ ಹೋಗಿ ಅರ್ಜಿ ಹಾಕಬೇಕಾಯಿತು. ವೀಸಾ ಸಿಗಲಿಲ್ಲ, ಅವರ ಜಾಗದಲ್ಲಿ ಮೆಕ್ಸಿಕೊದ ತಂಡ ಆಡಿತು. ಮರುತಿಂಗಳೇ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ನಡೆದ 12 ವರ್ಷದೊಳಗಿನವರ ವಿಶ್ವ ಸರಣಿಯಲ್ಲಿ ವೆನೆಜುವೆಲಾದ ಇನ್ನೊಂದು ತಂಡ ಆಡಿತು. ದೇಶ, ಸಂಘಟಕರು, ಆದೇಶ ಎಲ್ಲ ಒಂದೇ, ಟೂರ್ನಿ ಮಾತ್ರ ಬೇರೆ. ವಿಲಿಯಮ್ಸ್‌ಪೋರ್ಟ್ ಟೂರ್ನಿಯನ್ನು ಅಮೆರಿಕದಾದ್ಯಂತ ಟಿ.ವಿ.ಯಲ್ಲಿ ನೋಡುತ್ತಾರೆ, ಈಸ್ಲಿಯದಕ್ಕೆ ಆ ಹೆಸರಿಲ್ಲ. ಹದಿನೈದು ವರ್ಷದ ಹುಡುಗನಿಗೆ ಈಸ್ಲಿಯೇ ಒಲಿಂಪಿಕ್ಸ್. ಅವನ ಕೂಟ ದೊಡ್ಡದೋ ಚಿಕ್ಕದೋ ಎಂದು ಸಚಿವಾಲಯ ಅಳೆಯುವಂತಾದದ್ದು ಅನ್ಯಾಯ.

ವಿನಾಯಿತಿ ಕೇಳುವ ಹೊಣೆ ಮಕ್ಕಳ ಮೇಲೆ ಬೀಳಬಾರದು, ಅದನ್ನು ಸಂಘಟಕರು ಹೊರಬೇಕು. ಅರ್ಹತಾ ಸುತ್ತು ಶುರುವಾಗುವ ಮೊದಲೇ ಲಿಖಿತ ಉತ್ತರ ತರಿಸಿಕೊಳ್ಳಬೇಕು. ದೊಡ್ಡ ಸಂಸ್ಥೆಗಳು ಪಟ್ಟು ಹಿಡಿದರೆ ಸರ್ಕಾರಗಳು ಬಗ್ಗುತ್ತವೆ. 2019ರ ಫೆಬ್ರವರಿಯಲ್ಲಿ ದೆಹಲಿಯ ಶೂಟಿಂಗ್ ವಿಶ್ವಕಪ್‌ಗೆ ಪಾಕಿಸ್ತಾನದ ಶೂಟರ್‌ಗಳಿಗೆ ವೀಸಾ ಸಿಗದಿದ್ದಾಗ, ಭಾರತದಲ್ಲಿ ಮುಂದೆ ಕೂಟ ನಡೆಸುವ ಮಾತುಕತೆಯನ್ನೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ನಿಲ್ಲಿಸಿತು. ಎಲ್ಲ ದೇಶದ ಕ್ರೀಡಾಪಟುಗಳನ್ನೂ ಬಿಟ್ಟುಕೊಳ್ಳುತ್ತೇವೆ ಎಂದು ಕೇಂದ್ರ ಸರ್ಕಾರ ಬರೆದುಕೊಟ್ಟ ಮೇಲೆ ಆ ತಡೆ ತೆರವಾಯಿತು. 2023ರಲ್ಲಿ ಇಸ್ರೇಲ್ ತಂಡ ಬರುವುದಕ್ಕೆ ಇಂಡೋನೇಷ್ಯಾದಲ್ಲಿ ವಿರೋಧ ಎದ್ದಾಗ ಫಿಫಾ 20 ವರ್ಷದೊಳಗಿನವರ ವಿಶ್ವಕಪ್ಪನ್ನೇ ಅರ್ಜೆಂಟೀನಾಕ್ಕೆ ಒಯ್ದಿತು. ಕ್ಲಬ್‌ಗಳು ನಡೆಸುವ ಯುವ ಟೂರ್ನಿಗಳಿಗೆ ಅಂಥ ಬಲವಿಲ್ಲ.

ಭಾರತ ಈ ನಿಷೇಧದ ಪಟ್ಟಿಯಲ್ಲಿಲ್ಲ. ನಮ್ಮ ಮಕ್ಕಳಿಗೆ ಎದುರಾಗುವುದು 214(ಬಿ). ಇದರ ಪ್ರಕಾರ ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಹೊರಟವರು. ಅಲ್ಲ ಎಂದು ತೋರಿಸುವ ಭಾರ ಅರ್ಜಿದಾರರದು. ತಂಡಕ್ಕೆ ಎಂದು ವೀಸಾ ಇರುವುದಿಲ್ಲ. ಸಂಬಳವಿಲ್ಲದೆ ಆಡುವ ಹವ್ಯಾಸಿ ಮಕ್ಕಳು ಹೋಗುವುದು ಬಿ-2 ಎಂಬ ಪ್ರವಾಸಿ ವೀಸಾದಲ್ಲಿ. ಒಬ್ಬೊಬ್ಬ ಮಗುವಿಗೂ ಡಿಎಸ್-160 ಎಂಬ ಒಂದು ವೀಸಾ ಅರ್ಜಿ ಫಾರಂ, 185 ಡಾಲರ್ ಶುಲ್ಕ. ತಿರಸ್ಕೃತವಾದರೆ ಆ ಹಣ ವಾಪಸ್ ಬರುವುದಿಲ್ಲ. ಹದಿನಾರರಲ್ಲಿ ಹನ್ನೊಂದು ಮಕ್ಕಳಿಗೆ ಸಿಕ್ಕಿ, ಗೋಲ್‌ಕೀಪರಿಗೇ ಸಿಗದೆ ಹೋಗಬಹುದು.

ನಿಷೇಧವಿಲ್ಲದೆಯೂ ಇಡೀ ತಂಡ ಹೋಗಲಾಗದೆ ಇಲ್ಲೇ ಉಳಿದುಬಿಟ್ಟ ಉದಾಹರಣೆ ನಮ್ಮಲ್ಲೇ ಇದೆ. 2017ರಲ್ಲಿ ಡಲ್ಲಾಸ್ ಕಪ್‌ಗೆ ಆಹ್ವಾನ ಪಡೆದ ಟಿಬೆಟನ್ ಮಹಿಳಾ ಫುಟ್‌ಬಾಲ್ ತಂಡದ ಆಟಗಾರ್ತಿಯರು ಹೆಚ್ಚಿನವರು ಭಾರತದಲ್ಲೇ ನೆಲೆಸಿದವರು. ಅಮೆರಿಕಕ್ಕೆ ಹೋಗಲು ತಕ್ಕ ಕಾರಣವಿಲ್ಲ ಎಂದು ದೆಹಲಿಯ ರಾಯಭಾರ ಕಚೇರಿ ಅವರ ಅರ್ಜಿ ತಿರಸ್ಕರಿಸಿತು. ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ ಮಕ್ಕಳ ಕೈಯಲ್ಲೂ ಸಾಮಾನ್ಯವಾಗಿ ಇರುವುದು ಪಾಸ್‌ಪೋರ್ಟ್ ಅಲ್ಲ, ಭಾರತ ಕೊಡುವ ಹಳದಿ ರಟ್ಟಿನ ಗುರುತಿನ ಪುಸ್ತಕ. ನಿರಾಶ್ರಿತರು ‘ಊರಿಗೆ ವಾಪಸ್ ಬರುತ್ತೇನೆ’ ಎಂದು ಅಧಿಕಾರಿಯನ್ನು ನಂಬಿಸುವುದು ಉಳಿದವರಿಗಿಂತ ಕಷ್ಟ. ಇಂಥ ಮಕ್ಕಳು ನಿಮ್ಮ ತಂಡದಲ್ಲಿದ್ದರೆ ಅವರ ಕಡತಕ್ಕೆ ಎಲ್ಲರಿಗಿಂತ ಮೊದಲು ಕೈಹಾಕಿ.

ಎರಡನೆಯ ದೊಡ್ಡ ತೊಡಕು ಹುಟ್ಟಿದ ದಿನಾಂಕ. 2011ರಲ್ಲಿ ಉಗಾಂಡಾದ ಕಂಪಾಲಾ ತಂಡ ವಿಲಿಯಮ್ಸ್‌ಪೋರ್ಟ್‌ಗೆ ಅರ್ಹತೆ ಪಡೆದ ಮೊದಲ ಆಫ್ರಿಕನ್ ತಂಡವಾಯಿತು. ದಾಖಲೆಗಳಲ್ಲಿನ ವಯಸ್ಸು ತಾಳೆಯಾಗದ ಕಾರಣಕ್ಕೆ ವೀಸಾ ತಪ್ಪಿ ಸೌದಿ ಅರೇಬಿಯಾದ ತಂಡ ಆಡಿತು. ಅವರೊಂದಿಗೆ ಆಡಬೇಕಿದ್ದ ಕೆನಡಾದ ಲ್ಯಾಂಗ್ಲಿಯ ಹುಡುಗರು 2012ರ ಜನವರಿಯಲ್ಲಿ ತಾವೇ ಉಗಾಂಡಾಕ್ಕೆ ಹೋಗಿ ಆ ಪಂದ್ಯ ಆಡಿ ಬಂದರು. ಅದೇ ವರ್ಷ ಉಗಾಂಡಾದ ಇನ್ನೊಂದು ಊರಾದ ಲುಗಾಜಿಯ ತಂಡಕ್ಕೆ ವೀಸಾ ಸಿಕ್ಕಿತು, ವಿಲಿಯಮ್ಸ್‌ಪೋರ್ಟ್‌ನಲ್ಲಿ ಅದು ಒರೆಗಾನ್ ತಂಡವನ್ನು ಸೋಲಿಸಿಯೂ ತೋರಿಸಿತು.

ನಮ್ಮ ಕಡೆಯೂ ಈ ತೊಂದರೆ ಕಮ್ಮಿಯಿಲ್ಲ. ಶಾಲೆಗೆ ಸೇರಿಸುವಾಗ ಜೂನ್ 1ಕ್ಕೆ ವಯಸ್ಸು ಹೊಂದಲಿ ಎಂದು ದಿನಾಂಕ ಹಿಂದೆಮುಂದೆ ಬರೆಸಿರುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ ಇರುತ್ತದೆ. ಶಾಲೆಯಲ್ಲಿ ‘ಪ್ರಜ್ವಲ್ ಎಚ್. ಎಂ.’ ಆದವನು ಪಾಸ್‌ಪೋರ್ಟಿನಲ್ಲಿ ‘ಹೊಸಹಳ್ಳಿ ಮಂಜುನಾಥ ಪ್ರಜ್ವಲ್’. ವಯೋಮಿತಿಯ ಟೂರ್ನಿಗೆ ಹೊರಟ ಹುಡುಗನ ಎರಡು ಕಾಗದದಲ್ಲಿ ಎರಡು ವಯಸ್ಸು ಕಂಡರೆ ಅಧಿಕಾರಿಗೆ ಅನುಮಾನ ಬರುವುದು ಸಹಜ. ತಂಡ ಆರಿಸಿದ ವಾರವೇ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಶಾಲಾ ದಾಖಲೆ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಖಾಲಿ ಇರುವ ಹೆಸರನ್ನು ಹುಟ್ಟಿದ 15 ವರ್ಷದೊಳಗೆ ಜನನ ನೋಂದಣಾಧಿಕಾರಿಯ ಬಳಿ ಶುಲ್ಕ ಕಟ್ಟಿ ಸೇರಿಸಬಹುದು. ಸಂಘಟಕರಿಗೆ ಕಳಿಸುವ ಪಟ್ಟಿಯಲ್ಲೂ ಡಿಎಸ್-160ರಲ್ಲೂ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರ ಬಿಡದೆ ಇಳಿಸಿ.

ಆಹ್ವಾನ ಪತ್ರ ‘ತಂಡಕ್ಕೆ ಸ್ವಾಗತ’ ಎಂದಷ್ಟೇ ಇದ್ದರೆ ಕೆಲಸಕ್ಕೆ ಬಾರದು. ಪ್ರತಿ ಮಗುವಿನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಪಂದ್ಯದ ದಿನಾಂಕ, ಉಳಿಯುವ ಜಾಗ, ಖರ್ಚು ಯಾರದು ಎಂಬುದು ಇರಬೇಕು. ತಂದೆತಾಯಿ ಇಬ್ಬರೂ ಸಹಿ ಹಾಕಿದ, ನೋಟರಿ ಆದ ಒಪ್ಪಿಗೆ ಪತ್ರದಲ್ಲಿ ಜೊತೆಗೆ ಹೋಗುವ ಕೋಚ್ ಹೆಸರು ಮತ್ತು ತುರ್ತು ಚಿಕಿತ್ಸೆಗೆ ಅನುಮತಿ ಬರೆದಿರಲಿ. ಶಾಲೆಯಿಂದ ರಜೆಯ ಪತ್ರ, ಮುಂದಿನ ತರಗತಿಯ ಶುಲ್ಕ ಕಟ್ಟಿದ ರಸೀದಿ, ಪೋಷಕರ ಕೆಲಸ ಅಥವಾ ಜಮೀನಿನ ದಾಖಲೆ ಸೇರಿಸಿ. ಮಕ್ಕಳಿಗೆ ಉತ್ತರ ಉರು ಹೊಡೆಸಬೇಡಿ. ಯಾವ ಜಾಗದಲ್ಲಿ ಆಡುತ್ತೀಯ, ಕೋಚ್ ಯಾರು, ಯಾವತ್ತು ವಾಪಸ್ ಎಂದು ಕೇಳಿದರೆ ತಾವೇ ಹೇಳುವಷ್ಟು ತಿಳಿದಿದ್ದರೆ ಸಾಕು.

ಸ್ವೀಡನ್ನಿನ ಗೋಥಿಯಾ ಕಪ್‌ನಂಥ ಯುರೋಪಿನ ಟೂರ್ನಿಗಾದರೆ ಷೆಂಗೆನ್ ವೀಸಾ, ಅಂದರೆ ಅಲ್ಲಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಎಳೆದರೆ 45. ಜುಲೈ ಪಂದ್ಯಕ್ಕೆ ಮಾರ್ಚ್‌ನಲ್ಲೇ ಅರ್ಜಿ ಹೋಗಿರಲಿ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. 12 ತುಂಬಿದವರು ಬೆರಳಚ್ಚು ಕೊಡಬೇಕು. ಶುಲ್ಕ 90 ಯೂರೋ, 6ರಿಂದ 12ರೊಳಗಿನವರಿಗೆ 45. ಲಾಭರಹಿತ ಸಂಸ್ಥೆ ನಡೆಸುವ ಕ್ರೀಡಾಕೂಟಕ್ಕೆ ಲಾಭರಹಿತ ಸಂಸ್ಥೆಯ ಪ್ರತಿನಿಧಿಗಳಾಗಿ ಹೋಗುವ 25 ವರ್ಷದೊಳಗಿನವರಿಗೆ ಶುಲ್ಕವೇ ಇಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಕ್ಲಬ್‌ಗಳು ಹಣ ಕಟ್ಟಿಬಿಡುತ್ತವೆ; ನೋಂದಣಿ ಪತ್ರ ಲಗತ್ತಿಸಿ ಮೊದಲೇ ಕೇಳಿ.

ಅಮೆರಿಕದ ವೀಸಾ ತಿರಸ್ಕೃತವಾದರೆ ಕೈಗೆ ಕೊಟ್ಟ ಚೀಟಿ ಓದಿ. 221(ಜಿ) ಎಂದಿದ್ದರೆ ಕಾಗದ ಸಾಲದು ಅಥವಾ ಪರಿಶೀಲನೆ ಬಾಕಿಯಿದೆ ಎಂದರ್ಥ, ಬಾಗಿಲು ಮುಚ್ಚಿಲ್ಲ. 214(ಬಿ) ಎಂದಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬಹುದು, ಆದರೆ ತೋರಿಸಲು ಹೊಸದೇನಾದರೂ ಇದ್ದರೆ ಮಾತ್ರ ಪ್ರಯೋಜನ. ಷೆಂಗೆನ್ ದೇಶಗಳು ಕಾರಣವನ್ನು ಲಿಖಿತವಾಗಿ ಕೊಡಬೇಕು, ಮೇಲ್ಮನವಿಯ ಗಡುವೂ ಆ ಪತ್ರದಲ್ಲೇ ಇರುತ್ತದೆ. ‘ಹಿಂದೆ ವೀಸಾ ತಿರಸ್ಕೃತವಾಗಿದೆಯೇ’ ಎಂದು ಮುಂದಿನ ಸಲ ಡಿಎಸ್-160 ಕೇಳುತ್ತದೆ. ಏಜೆಂಟರು ‘ಇಲ್ಲ ಅಂತ ಹಾಕಿ’ ಎಂದರೆ ಒಪ್ಪಬೇಡಿ. ತಿರಸ್ಕಾರ ಕಳಂಕವಲ್ಲ, ಆದರೆ ಸುಳ್ಳು ಹೇಳಿದ್ದು ಸಾಬೀತಾದರೆ ಆ ಮಗು ದೊಡ್ಡವನಾದ ಮೇಲೂ ಅಮೆರಿಕ ಪ್ರವೇಶಕ್ಕೆ ಜೀವಮಾನದ ತಡೆ ಬೀಳಬಹುದು.