ಮಕ್ಕಳ ಕೈಗೆ ದುಡ್ಡು ಕೊಟ್ಟರೆ ಕೆಡ್ತಾರಾ?

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಪಾಕೆಟ್ ಮನಿ ಬೇಕು ಅಂತಾನೆ. ಕೊಟ್ಟರೆ ಹಾಳಾಗ್ತಾನೆ ಅಂತಾರೆ ನಮ್ಮ ಮನೆಯವರು. ಏನು ಮಾಡಲಿ?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ. ಮತ್ತೊಮ್ಮೆ ಹೇಳುತ್ತೇನೆ: ಕೊಡಿ. ಪ್ರತಿ ತಿಂಗಳು ಒಂದೇ ದಿನ, ಒಂದೇ ಮೊತ್ತ.

"ಕೈಗೆ ದುಡ್ಡು ಬಂದರೆ ಹುಡುಗರು ಕೆಡ್ತಾರೆ" ಅನ್ನುವುದು ದುಡ್ಡೆಲ್ಲ ಅಪ್ಪನ ಅಂಗಿ ಜೇಬಿನಲ್ಲೇ ಇರುತ್ತಿದ್ದ ಕಾಲದ ಮಾತು. ಈಗ ಅಮ್ಮನ ಯುಪಿಐ ಪಿನ್ ಮಗನಿಗೆ ಗೊತ್ತು. ಹಾಲು ತಾ ಅಂತ ಫೋನ್ ಕೊಟ್ಟು ಅಂಗಡಿಗೆ ಕಳಿಸಿದವರು ನಾವೇ ಅಲ್ವಾ? ಟ್ಯೂಷನ್ ಮುಗಿದ ಮೇಲೆ ಗೋಬಿಗೆ ಐವತ್ತು, ಗೆಳೆಯನ ಬರ್ತ್‌ಡೇಗೆ ಇನ್ನೂರು, ಅಪ್ಪ ಮಾಡಿಸುವ ರೀಚಾರ್ಜ್, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಚಿಪ್ಸ್, ಇದನ್ನೆಲ್ಲ ಒಂದು ತಿಂಗಳು ಬರೆದಿಟ್ಟು ಕೂಡಿಸಿ ನೋಡಿ. ದುಡ್ಡು ಕೊಡಲ್ಲ ಅನ್ನುವ ಮನೆಯಲ್ಲೂ ಹುಡುಗ ಖರ್ಚು ಮಾಡುತ್ತಲೇ ಇರುತ್ತಾನೆ. ಆದರೆ ಅದು ಮುಗಿಯುವುದು ಅವನಿಗೆ ಯಾವತ್ತೂ ಕಾಣುವುದಿಲ್ಲ. ಕೇಳಿದಾಗಲೆಲ್ಲ ಕೊಟ್ಟರೆ ಅವನು ಕಲಿಯುವುದು ಕೇಳುವ ಕಲೆ ಮಾತ್ರ. ಯಾವಾಗ ಕೇಳಬೇಕು, ಯಾರನ್ನು ಕೇಳಬೇಕು ಅನ್ನುವುದರಲ್ಲಿ ಪಳಗುತ್ತಾನೆ.

600 ರೂಪಾಯಿ ಕೊಡುತ್ತೀರಿ ಅಂದುಕೊಳ್ಳಿ. ಯಾವ ಖರ್ಚು ಅವನದು, ಯಾವುದು ನಿಮ್ಮದು ಅಂತ ಮೊದಲೇ ಮಾತಾಡಿ. ಫೀಸು, ಪುಸ್ತಕ, ಬಸ್ ಪಾಸ್ ನಿಮ್ಮದು. ಗೋಬಿ, ಗಿಫ್ಟು, ಡೇಟಾ ಪ್ಯಾಕ್ ಅವನದು. 20ನೇ ತಾರೀಖಿಗೇ ಖಾಲಿಯಾದರೆ? ಆಗಲಿ. ಆ ಹತ್ತು ದಿನ ಸುಮ್ನೆ ಇರುವುದೇ ಕಷ್ಟದ ಕೆಲಸ, ಪಾಠ ಇರುವುದೂ ಅಲ್ಲೇ. ಪಾಪ ಅಂತ ಅಜ್ಜಿ ಸೆರಗಿನ ಗಂಟು ಬಿಚ್ಚಿದರೆ ಎಲ್ಲ ನೀರಿಗೆ ಹೋಯಿತು, ಅವರಿಗೂ ಮೊದಲೇ ಹೇಳಿಡಿ. 14ನೇ ವಯಸ್ಸಿನಲ್ಲಿ 600 ಕಳೆದರೆ ಮನೆಗೆ ಏನೂ ಆಗಲ್ಲ. ಮೊದಲ ಸಂಬಳದಲ್ಲಿ ಅದೇ ತಪ್ಪು ಮಾಡಿದರೆ ಕ್ರೆಡಿಟ್ ಕಾರ್ಡ್ ಬಡ್ಡಿ ಬೀಳುತ್ತದೆ.

ಮಾರ್ಕ್ಸ್ ಕಮ್ಮಿ ಬಂತು ಅಂತ ಈ ದುಡ್ಡು ಕಡಿಯಬೇಡಿ. ಎರಡಕ್ಕೂ ಸಂಬಂಧವಿಲ್ಲ.

ನೀವು ಕೇಳಿಲ್ಲ, ಆದರೂ ಬ್ಯಾಂಕ್ ಖಾತೆಯ ಬಗ್ಗೆ ಹೇಳಲೇಬೇಕು. 18 ಆಗಲಿ ಅಂತ ಕಾಯಬೇಕಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿದೆ. ಮೊತ್ತದ ಮಿತಿ, ಎಟಿಎಂ ಕಾರ್ಡ್ ಕೊಡುವುದು ಬಿಡುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಮಕ್ಕಳ ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯಲು ಬಿಡುವಂತಿಲ್ಲ, ಹಾಗಾಗಿ ಸಾಲದ ಭಯವೂ ಬೇಡ.

ಭಯ ಪಡಬೇಕಾದದ್ದು ಬೇರೆ ಇದೆ. "ನಿನ್ನ ಅಕೌಂಟಿಗೆ ದುಡ್ಡು ಹಾಕ್ತೀನಿ, ತೆಗೆದು ಕೊಡು, ಕಮಿಷನ್ ಕೊಡ್ತೀನಿ" ಅಂತ ಹುಡುಗರನ್ನು ಬಲೆಗೆ ಹಾಕುವವರಿದ್ದಾರೆ. ಅದು ಸೈಬರ್ ವಂಚನೆಯ ದುಡ್ಡು. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಖಾತೆ, ಕಾರ್ಡ್, ಸಿಮ್, ಒಟಿಪಿ ಯಾವುದನ್ನೂ ಆಪ್ತ ಗೆಳೆಯನಿಗೂ ಕೊಡಬಾರದು ಅಂತ ಖಾತೆ ತೆರೆದ ದಿನವೇ ಹೇಳಿ. ಗೊತ್ತಿಲ್ಲದ ದುಡ್ಡು ಬಂದರೆ ಮುಟ್ಟದೆ ಬ್ಯಾಂಕಿಗೆ ತಿಳಿಸಬೇಕು. ಯಾರಾದರೂ ಮೋಸ ಮಾಡಿ ದುಡ್ಡು ಎಗರಿಸಿದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹೆದರಿ ಮುಚ್ಚಿಟ್ಟರೆ ತೊಂದರೆ ಬೆಳೆಯುತ್ತದೆ, ಅದಕ್ಕೇ ಬಂದು ಹೇಳಿದರೆ ಬೈಯಲ್ಲ ಅಂತ ಅವನಿಗೆ ಇವತ್ತೇ ಮಾತು ಕೊಡಿ.