ಜೊತೆಗಾರ ನನಗಿಂತ ನಿಧಾನ: ಹಲವು ದಿನಗಳ ಪರ್ವತ ಓಟದಲ್ಲಿ ಇಬ್ಬರೂ ಒಟ್ಟಿಗೆ ಸಾಗುವುದು ಹೇಗೆ?

ಪ್ರಶ್ನೆ: ಗೆಳೆಯನ ಜೊತೆ ಆಲ್ಪ್ಸ್‌ನಲ್ಲಿ ಏಳು ದಿನದ ಜೋಡಿ ಓಟಕ್ಕೆ ಹೆಸರು ಕೊಡುವ ಯೋಚನೆ ಇದೆ. ಬಯಲಿನಲ್ಲಿ 10 ಕಿ.ಮೀ.ಗೆ ನನಗೆ 48 ನಿಮಿಷ ಬೇಕು, ಅವನಿಗೆ 56. ಇಷ್ಟು ಅಂತರ ಇಟ್ಟುಕೊಂಡು ಹೋಗಬಹುದೇ?

ಉತ್ತರ: ಧಾರಾಳವಾಗಿ ಹೋಗಬಹುದು. ಇದಕ್ಕಿಂತ ದೊಡ್ಡ ಅಂತರದ ಜೋಡಿಗಳು ಓಟ ಮುಗಿಸುತ್ತವೆ. ಸರಿಸಮ ವೇಗದ ಜೋಡಿಗಳೂ ನಡುವೆ ಕೈಬಿಡುವುದುಂಟು. ಜೋಡಿ ಒಡೆಯುವುದು ಬಹುಪಾಲು ಮೊದಲ ದಿನದ ಮೊದಲ ಏರಿನಲ್ಲಿ, ಗಟ್ಟಿಗ ತನ್ನ ಪಾಡಿಗೆ ಮುಂದೆ ಹೋಗಿ ಮೇಲೆ ನಿಂತು ಕಾಯತೊಡಗಿದಾಗ.

ನೀವು ಹೇಳುವ ಮಾದರಿಗೆ ಹೆಸರಾದದ್ದು ಟ್ರಾನ್ಸ್ ಆಲ್ಪೈನ್ ರನ್. 2005ರಲ್ಲಿ ಶುರುವಾದ ಈ ಓಟದ ದಾರಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಏಳೆಂಟು ದಿನ, ಒಟ್ಟು ಸುಮಾರು 250 ಕಿ.ಮೀ., ಏರಿಕೆ ಸುಮಾರು 15,000 ಮೀಟರ್ ಎಂದು ಇಟ್ಟುಕೊಳ್ಳಿ. ಅಂದರೆ ದಿನಕ್ಕೆ ಸುಮಾರು 2,000 ಮೀಟರ್ ಹತ್ತಿ, ಹೆಚ್ಚುಕಡಿಮೆ ಅಷ್ಟೇ ಇಳಿಯಬೇಕು. ಜೋಡಿಯ ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಇರಕೂಡದು, ಮೀರಿದರೆ ದಂಡ. ಜೋಡಿಯ ಸಮಯ ಎಂದರೆ ಹಿಂದೆ ಬಂದವರ ಸಮಯ. ಮುಂದೆ ಓಡಿ ಗಳಿಸುವುದು ಏನೂ ಇಲ್ಲ.

ಆದರೂ ಮುಂದೆ ಓಡಿ ಕಾಯುವ ತಪ್ಪು ಎಲ್ಲರಿಂದಲೂ ಆಗುತ್ತದೆ. ಗಟ್ಟಿಗ ಏರಿನ ನೆತ್ತಿ ಮುಟ್ಟಿ ಹತ್ತು ನಿಮಿಷ ನಿಲ್ಲುತ್ತಾನೆ. ಬೆವರಿದ ಅಂಗಿಗೆ ಗಾಳಿ ಬಡಿದು ಮೈ ನಡುಗುತ್ತದೆ, ಕಾಲು ಬಿಗಿಯುತ್ತದೆ. ಅಷ್ಟರಲ್ಲಿ ಜೊತೆಗಾರ ಏದುಸಿರು ಬಿಡುತ್ತ ಬರುತ್ತಾನೆ. ಚಳಿ ಹಿಡಿದವನು "ನಡಿ, ಹೊರಡೋಣ" ಎನ್ನುತ್ತಾನೆ. ವಿಶ್ರಾಂತಿ ಪೂರ್ತಿ ಸಿಕ್ಕಿದ್ದು ಅದು ಬೇಡದವನಿಗೆ, ಬೇಕಾದವನಿಗೆ ಒಂದು ಕ್ಷಣವೂ ಇಲ್ಲ. ಇದೇ ದಿನಕ್ಕೆ ನಾಲ್ಕು ಸಲ, ಮೂರು ದಿನ ನಡೆದರೆ ನಿಧಾನದವನ ಕಾಲಿಗೂ ಮನಸ್ಸಿಗೂ ಸಾಕಾಗಿಬಿಡುತ್ತದೆ.

ಆದ್ದರಿಂದ ಏರಿನಲ್ಲಿ ನಿಧಾನದವನೇ ಮುಂದಿರಲಿ, ಗಟ್ಟಿಗ ಎರಡು ಹೆಜ್ಜೆ ಹಿಂದೆ. ಮುಂದಿನವನು ಪೂರ್ತಿ ವಾಕ್ಯ ಆಡಬಲ್ಲಷ್ಟು ಉಸಿರು ಉಳಿದಿರಬೇಕು. ಎರಡೆರಡು ಪದಕ್ಕೆ ಮಾತು ತುಂಡಾದರೆ ವೇಗ ಹೆಚ್ಚಾಯಿತು ಎಂದರ್ಥ. ಕಡಿದಾದ ಏರಿನಲ್ಲಿ ಬಹುತೇಕ ಎಲ್ಲರೂ ನಡೆಯುತ್ತಾರೆ. ಅಲ್ಲಿ ಕಿ.ಮೀ. ಲೆಕ್ಕ ಬಿಟ್ಟು ಗಂಟೆಗೆ ಎಷ್ಟು ಮೀಟರ್ ಎತ್ತರ ಹತ್ತಿದಿರಿ ಎಂದು ನೋಡಿ. ಗಂಟೆಗೆ 600 ಮೀಟರ್ ಹತ್ತುವುದನ್ನು ದಿನವೂ ಉಳಿಸಿಕೊಂಡರೆ ಸಾಧಾರಣ ಜೋಡಿಗೆ ಅದು ಒಳ್ಳೆಯ ವೇಗ. ನಿಮ್ಮ 48 ಮತ್ತು 56 ನಿಮಿಷಗಳು ಬಯಲಿನ ಲೆಕ್ಕ. ಬೆಟ್ಟದಲ್ಲಿ ಆ ಅಂತರ ಕುಗ್ಗಬಹುದು, ಹಿಗ್ಗಲೂಬಹುದು, ಅಳೆದೇ ತಿಳಿಯಬೇಕು.

ಉಳಿದ ಅಂತರವನ್ನು ತೂಕದಿಂದ ಸರಿದೂಗಿಸಿ. ಏರಿನಲ್ಲಿ ದೇಹ ಮಾಡುವ ಕೆಲಸ ಹೆಚ್ಚುಕಡಿಮೆ ಒಟ್ಟು ತೂಕಕ್ಕೆ ಅನುಗುಣವಾಗಿರುತ್ತದೆ. ನಿಧಾನದವನು 60 ಕೆ.ಜಿ., ಅವನ ಚೀಲ 4 ಕೆ.ಜಿ. ಎನ್ನಿ. ಅದರಿಂದ 2 ಕೆ.ಜಿ. ತೆಗೆದರೆ ಅವನಿಗೆ ಸುಮಾರು ಶೇ. 3 ಹಗುರ. 70 ಕೆ.ಜಿ.ಯ ಗಟ್ಟಿಗ ಅದನ್ನು ಹೊತ್ತರೆ ಅವನಿಗೂ ಸುಮಾರು ಶೇ. 3 ಭಾರ. 1,000 ಮೀಟರ್ ಏರು ನೂರು ನಿಮಿಷದ ಕೆಲಸವಾದರೆ, ಒಂದೂ ಮಾತಿಲ್ಲದೆ ಇಬ್ಬರ ನಡುವಿನ ಐದಾರು ನಿಮಿಷ ಕರಗುತ್ತದೆ. ಹುರಿದುಂಬಿಸುವ ಮಾತಿಗೆ ಈ ಶಕ್ತಿ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ದಾಟಿಸಬೇಕಾದದ್ದು ನೀರು, ತಿಂಡಿ, ಕೋಲುಗಳಂಥ ವಸ್ತು ಮಾತ್ರ. ಮಳೆ ಜಾಕೆಟ್, ಬೆಚ್ಚನೆಯ ಪದರ, ಕೈಗವಸು, ಟೊಪ್ಪಿ, ತುರ್ತು ಹೊದಿಕೆ, ಸೀಟಿ, ಫೋನ್ ಯಾವತ್ತೂ ಅವರವರ ಚೀಲದಲ್ಲೇ ಇರಬೇಕು. ಕಡ್ಡಾಯ ಸಾಮಾನನ್ನು ಒಬ್ಬೊಬ್ಬರ ಚೀಲ ತೆರೆಸಿ ನೋಡುತ್ತಾರೆ ಎಂಬುದು ಒಂದು ಕಾರಣ. ಮಂಜು ಕವಿದು ಇಬ್ಬರೂ ಬೇರೆಯಾದರೆ ಜಾಕೆಟ್ ಇಲ್ಲದವನ ಪ್ರಾಣಕ್ಕೇ ಕುತ್ತು ಎಂಬುದು ಇನ್ನೂ ದೊಡ್ಡ ಕಾರಣ.

ಕೆಲವು ಜೋಡಿಗಳು ಎಳೆಹಗ್ಗ ಬಳಸುತ್ತವೆ, ಆಗ ಮಾತ್ರ ಏರಿನಲ್ಲಿ ಗಟ್ಟಿಗ ಮುಂದೆ: ಅವನ ಸೊಂಟದ ಪಟ್ಟಿಯಿಂದ ಹಿಂದಿನವನ ಸೊಂಟಕ್ಕೆ ಎರಡು ಮೀಟರಿನಷ್ಟು ಹಿಗ್ಗುವ ಹಗ್ಗ, ತಟ್ಟನೆ ಬಿಚ್ಚುವ ಕೊಕ್ಕೆ. ನಿಯಮ ಒಪ್ಪುತ್ತದೆಯೇ ಎಂದು ಮೊದಲು ಓದಿಕೊಳ್ಳಿ. ಅಗಲವಾದ, ಕಲ್ಲಿಲ್ಲದ ಏರುದಾರಿಯಲ್ಲಿ ಮಾತ್ರ ಬಳಸಿ. ಇಳಿಜಾರಿನಲ್ಲೂ ಪ್ರಪಾತದ ಅಂಚಿನಲ್ಲೂ ಕೂಡದು, ಒಬ್ಬ ಜಾರಿದರೆ ಇಬ್ಬರೂ ಜಾರುತ್ತಾರೆ. ಹಗ್ಗ ಸದಾ ಸಣ್ಣಗೆ ಬಿಗಿಯಾಗಿರಬೇಕು. ಸಡಿಲವಾಗಿ ಮತ್ತೆ ಜಗ್ಗಿದರೆ ಹಿಂದಿನವನ ಹೆಜ್ಜೆಯ ಲಯವೇ ಕೆಡುತ್ತದೆ.

ಇಳಿಜಾರಿನಲ್ಲಿ ಲೆಕ್ಕ ತಿರುಗಿ ಹೋಗಬಹುದು. ಏರಿನಲ್ಲಿ ಹಿಂದೆ ಬಿದ್ದವನು ಇಳಿಯುವಾಗ ಮೇಕೆಯಂತೆ ಓಡುವುದುಂಟು. ಚೆನ್ನಾಗಿ ಇಳಿಯುವವನು ಮುಂದೆ ಹೋಗಿ ದಾರಿ ಆರಿಸಲಿ, ಇನ್ನೊಬ್ಬ ಐದಾರು ಮೀಟರ್ ಹಿಂದಿರಲಿ. ಹತ್ತಿರ ಬಂದರೆ ಮುಂದಿನವನ ಬೆನ್ನು ಕಾಣುತ್ತದೆ, ನೆಲ ಕಾಣುವುದಿಲ್ಲ. ಹಿಂದಿನಿಂದ ಒತ್ತಡ ಹಾಕುವುದಂತೂ ಮುಗ್ಗರಿಸಿ ಬೀಳಲು ನೇರ ಆಹ್ವಾನ.

ಕಾಲು ಕೆಡುವುದೂ ಇಳಿಯುವಾಗಲೇ. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುವುದರಿಂದ ನಾರುಗಳಿಗೆ ಸಣ್ಣ ಪೆಟ್ಟಾಗುತ್ತದೆ, ನೋವು ಒಂದರಿಂದ ಮೂರು ದಿನದೊಳಗೆ ತುದಿ ಮುಟ್ಟುತ್ತದೆ. ಮೊದಲ ದಿನದ ಉತ್ಸಾಹದ ಬೆಲೆಯನ್ನು ಮೂರನೆಯ ದಿನ ಮೆಟ್ಟಿಲು ಇಳಿಯುವಾಗ ತೆರುತ್ತೀರಿ. ಮೊದಲ ಎರಡು ದಿನ ಹೆಜ್ಜೆ ಚಿಕ್ಕದಾಗಿ, ಬೇಗಬೇಗ ಬೀಳಲಿ. ಹಿಮ್ಮಡಿಯಿಂದ ಬ್ರೇಕ್ ಹಾಕಬೇಡಿ. ಒಮ್ಮೆ ಉದ್ದದ ಇಳಿಜಾರಿಗೆ ಒಗ್ಗಿದ ಸ್ನಾಯು ಮುಂದಿನ ಕೆಲವು ವಾರ ಅಂಥ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಓಟಕ್ಕೆ ಎರಡು ಮೂರು ವಾರ ಮುಂಚೆ ಒಂದು ದೊಡ್ಡ ಇಳಿಕೆ ಬೇಕೇ ಬೇಕು.

ನಮ್ಮಲ್ಲಿ ಉದ್ದದ ಇಳಿಜಾರಿನ ಅಭ್ಯಾಸಕ್ಕೆ ಕುಮಾರ ಪರ್ವತದಷ್ಟು ಹೊಂದುವ ಜಾಗ ಕಡಿಮೆ. ಕುಕ್ಕೆಯ ಕಡೆಯಿಂದ 1,712 ಮೀಟರಿನ ತುದಿಗೆ ಸುಮಾರು 1,600 ಮೀಟರ್ ಏರಿಕೆ. ಆಲ್ಪ್ಸ್‌ನ ಒಂದು ದಿನಕ್ಕೆ ಹತ್ತಿರ. ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ, ಬೇಸಿಗೆಯಲ್ಲೂ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚುವುದುಂಟು, ಆದ್ದರಿಂದ ಮೊದಲೇ ವಿಚಾರಿಸಿಕೊಳ್ಳಿ. ಅದು ಮುಚ್ಚಿರುವಾಗ ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲೇ ಗತಿ: ಹತ್ತಿ, ಅದೇ ಮೆಟ್ಟಿಲಲ್ಲಿ ಇಳಿದು, ಐದಾರು ಸುತ್ತು. ಶನಿವಾರ ಮತ್ತು ಭಾನುವಾರ ಬೆನ್ನುಬೆನ್ನಿಗೆ ಇಬ್ಬರೂ ಒಟ್ಟಿಗೆ ಮಾಡಿ. ಭಾನುವಾರ ಜೊತೆಗಾರ ಹೇಗಿರುತ್ತಾನೆ ಎಂದು ನೋಡುವುದೇ ಅದರ ಮುಖ್ಯ ಉದ್ದೇಶ. ದಣಿದಾಗ ಕೆಲವರು ಮೌನಿಗಳಾಗುತ್ತಾರೆ, ಕೆಲವರು ಸಿಡುಕುತ್ತಾರೆ. ಇದು ಮೊದಲೇ ಗೊತ್ತಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಸಿಡುಕಿಗೆ ಅನೇಕ ಸಲ ಕಾರಣ ಹಸಿವು. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಟ್ಟುಕೊಳ್ಳಿ: ಎರಡು ಜೆಲ್ (ಓಟಗಾರರು ನುಂಗುವ ಸಿಹಿ ಪಾಕದ ಪೊಟ್ಟಣ) ಮತ್ತು ಒಂದು ಚಿಕ್ಕ ಬಾಳೆಹಣ್ಣು ಹೆಚ್ಚುಕಡಿಮೆ ಅಷ್ಟಾಗುತ್ತದೆ. ಶೇಂಗಾ ಚಿಕ್ಕಿ ರುಚಿ ಬದಲಿಸಲು ಒಳ್ಳೆಯದು, ಆದರೆ ಕೊಬ್ಬು ಹೆಚ್ಚಿರುವುದರಿಂದ ಕಡಿದಾದ ಏರಿನ ಮುಂಚೆ ಬೇಡ. ಅರ್ಧ ಗಂಟೆಗೊಮ್ಮೆ ಗಡಿಯಾರ ಕೂಗಲಿ, ಇಬ್ಬರೂ ಒಟ್ಟಿಗೆ ತಿನ್ನಿ. ಆಗಲೇ "ಹತ್ತಕ್ಕೆ ಎಷ್ಟು?" ಎಂದು ಕೇಳಿ. "ಹೇಗಿದ್ದೀಯ?" ಎಂದರೆ "ಚೆನ್ನಾಗಿದ್ದೀನಿ" ಎಂಬ ಸುಳ್ಳು ಬರುತ್ತದೆ, ಅಂಕಿ ಕೇಳಿದರೆ ನಿಜ ಬರುತ್ತದೆ. ನಾಲ್ಕಕ್ಕಿಂತ ಕಡಿಮೆ ಎಂದರೆ ವೇಗ ಇಳಿಸಿ, ತಿನ್ನಿಸಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕೇಳಿ. ಪಾದದಲ್ಲಿ ಎಲ್ಲಾದರೂ ಉರಿ ಶುರುವಾದರೆ ಆ ಕ್ಷಣವೇ ನಿಂತು ಟೇಪ್ ಹಚ್ಚಬೇಕು. ಜೊತೆಗಾರನಿಗೆ ತಡವಾಗುತ್ತದೆಂದು ಸಂಕೋಚಪಟ್ಟು ಮುಚ್ಚಿಟ್ಟ ಗುಳ್ಳೆ ಮರುದಿನ ಇಬ್ಬರನ್ನೂ ಕುಂಟಿಸುತ್ತದೆ.

ಶುಲ್ಕ ಕಟ್ಟುವ ಮುಂಚೆ ಕುಳಿತು ಮೂರು ವಿಷಯ ಮಾತಾಡಿಕೊಳ್ಳಿ. ಗುರಿ ಸ್ಥಾನವೋ, ಮುಗಿಸುವುದೋ? ಗುಡುಗು ಕೇಳಿದಾಗ ಹಿಂದಿರುಗೋಣ ಎಂದು ಒಬ್ಬ ಹೇಳಿದರೆ ಇನ್ನೊಬ್ಬ ವಾದಿಸದೆ ಒಪ್ಪಬೇಕು, ಒಪ್ಪುತ್ತೀರಾ? ಒಬ್ಬನ ಕಾಲು ಉಳುಕಿದರೆ ಇನ್ನೊಬ್ಬ ಮುಂದುವರಿಯುತ್ತಾನೋ, ಜೊತೆಗೆ ನಿಲ್ಲುತ್ತಾನೋ? ಉಳಿದವನು ಸ್ಥಾನಪಟ್ಟಿಯ ಹೊರಗೆ ಒಬ್ಬನೇ ಓಡಲು ಕೆಲವು ಓಟಗಳಲ್ಲಿ ಅವಕಾಶವಿದೆ. ನಿಮ್ಮ ವರ್ಷದ ನಿಯಮಾವಳಿ ನೋಡಿ. ಈ ಮೂರನೆಯದಕ್ಕೆ ಉತ್ತರ ಮನೆಯಲ್ಲೇ ಸಿಗಬೇಕು. ಊದಿದ ಪಾದ ಹಿಡಿದು ಐದನೆಯ ದಿನದ ರಾತ್ರಿ ಕುಳಿತವನನ್ನು "ನಾನು ಹೋಗಲಾ?" ಎಂದು ಕೇಳಿದರೆ ಅವನು "ಹೋಗು" ಎಂದೇ ಹೇಳುತ್ತಾನೆ, ಮನಸ್ಸಿನಲ್ಲಿ ಇರುವುದು ಬೇರೆಯಾಗಿದ್ದರೂ.